ಮೂರು ಸಾಲು ಹೊಲಿಗೆ

ಇವತ್ತು ಮಧ್ಯಾಹ್ನ ಬಟ್ಟೆ ಬದಲಾಯಿಸುವಾಗ ನೋಡಿದೆ, ಹೊಟ್ಟೆ ಸುತ್ತ ಕೆಂಪು ಗೆರೆ. ಹಗ್ಗ ಕಟ್ಟಿ ಬಿಚ್ಚಿದ ಹಾಗೆ. ಎಲ್ಲಾ ಪ್ಯಾಂಟಿನ ಎಲಾಸ್ಟಿಕ್ ಮಹಿಮೆ. 20 ವಾರಕ್ಕೆ ಗರ್ಭಕೋಶ ಹೊಕ್ಕುಳದ ಮಟ್ಟಕ್ಕೆ ಬರುತ್ತೆ ಅಂತ ಡಾಕ್ಟರ್ ನನಗೆ ಹೇಳಿದ್ದರು. ಎಲಾಸ್ಟಿಕ್‌ಗೆ ಯಾರೂ ಹೇಳಿರಲಿಲ್ಲ.

ಸಂಜೆ ಅತ್ತೆ ಜೊತೆ ಕಟ್ಟಿನಕೆರೆ ಮಾರ್ಕೆಟ್ ಕಡೆ ಹೋದೆ. ಒಂದು ಅಂಗಡಿಯಲ್ಲಿ 'ಮೆಟರ್ನಿಟಿ' ಅಂತ ಚೀಟಿ ಅಂಟಿಸಿದ ಕುರ್ತಾ, 1,150 ರೂಪಾಯಿ. ತಿರುಗಿಸಿ ತಿರುಗಿಸಿ ನೋಡಿದೆ. ಮಗುವಿಗೆ ಹಾಲುಣಿಸೋಕೆ ಅಂತ ಎದೆ ಹತ್ತಿರ ಕಾಣದ ಹಾಗೆ ಎರಡು ಜಿಪ್, ಅಷ್ಟೇ. ಬಟ್ಟೆ ನೋಡಿದರೆ ಪಾಲಿಯೆಸ್ಟರ್! ಈ ಸೆಕೆಗೆ ಯಾರು ಹಾಕ್ತಾರೆ?

ಪಕ್ಕದಲ್ಲೇ ಕಾಟನ್ ನೈಟಿ, 280. ಅತ್ತೆ ಬೆರಳಲ್ಲಿ ಉಜ್ಜಿ ನೋಡಿ, "ನೀರಿಗೆ ಬಿದ್ರೆ ಕುಗ್ಗುತ್ತೆ ಕಣಮ್ಮ, ಒಂದು ಸೈಜ್ ದೊಡ್ಡದೇ ತಗೋ" ಅಂದರು. ಎರಡು ತಗೊಂಡೆ.

ಆಮೇಲೆ ನಮ್ಮ ಟೈಲರ್ ಅಕ್ಕನ ಹತ್ತಿರ. ಹಳೇ ಕುರ್ತಾ ಉಲ್ಟಾ ಮಾಡಿ ತೋರಿಸಿದರು. ಪಕ್ಕದಲ್ಲಿ ಮೂರು ಸಾಲು ಹೊಲಿಗೆ, ಅದರಾಚೆ ಇನ್ನೂ ಒಂದಿಂಚು ಬಟ್ಟೆ ಸುಮ್ನೆ ಕೂತಿದೆ. ಮದುವೆಗೆ ಹೊಲಿದಾಗಲೇ ಬಿಟ್ಟಿದ್ದರಂತೆ. "ಬೇಕಾಗುತ್ತೆ ಅಂತ ಗೊತ್ತಿತ್ತು ಬಿಡು" ಅಂತ ನಗು ಬೇರೆ.

ಬ್ಲೇಡಿನಿಂದ ಎರಡು ಸಾಲು ಬಿಚ್ಚಿದರು. ಒಳಗಿದ್ದ ಬಟ್ಟೆಗೆ ಬಿಸಿಲು, ಸೋಪು ಏನೂ ತಾಗಿಲ್ಲ ಅಲ್ವಾ, ಬಣ್ಣ ಹೊಸದರ ಹಾಗೇ ಇತ್ತು. ಈಗ ಕುರ್ತಾದ ಎರಡೂ ಪಕ್ಕ ಒಂದೊಂದು ಕಡು ನೀಲಿ ಪಟ್ಟಿ. ನನಗಂತೂ ಇಷ್ಟವಾಯಿತು.

ಪ್ಯಾಂಟಿಗೂ ಎಲಾಸ್ಟಿಕ್ ಕಿತ್ತು ಲಾಡಿ ಹಾಕಿಕೊಟ್ಟರು. ಎಲ್ಲಾ ಸೇರಿ 60 ರೂಪಾಯಿ.

ಮೂರನೇ ಸಾಲು ಹಾಗೇ ಉಳಿಸಿದ್ದಾರೆ. ಎಂಟನೇ ತಿಂಗಳಿಗೆ ಬಾ ಅಂದಿದ್ದಾರೆ.