ಟಿ-ಸ್ಕೋರ್‌ಗಿಂತ ಮೊದಲು ಚಿತ್ರ ನೋಡಿ

ಮೂಳೆಯ ಸಾಂದ್ರತೆ ಅಳೆಯುವ ಎಕ್ಸ್-ರೇ ಪರೀಕ್ಷೆಯಾದ ಡೆಕ್ಸಾ ಸ್ಕ್ಯಾನ್ ಮುಗಿಸಿ ಟೇಬಲ್‌ನಿಂದ ಇಳಿಯುವಾಗ ಹೆಚ್ಚಿನವರು ಕೇಳುವುದು ಒಂದೇ: "ಹೋದ ಸಲಕ್ಕಿಂತ ಜಾಸ್ತಿ ಆಗಿದೆಯಾ, ಕಮ್ಮಿ ಆಗಿದೆಯಾ?" ಅದನ್ನು ಹೇಳಬೇಕಾದವರು ಡಾಕ್ಟರು. ಆದರೆ ಅವರು ನೋಡುವ ಅಂಕಿ ನಂಬುವಂಥದ್ದಾ ಅನ್ನುವುದು ಮಲಗಿಸುವ ನಮ್ಮ ಕೈಯಲ್ಲಿದೆ. ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳುವುದೇ ಇದನ್ನು.

ಸೊಂಟದ ಸ್ಕ್ಯಾನನ್ನೇ ತಗೊಳ್ಳಿ. ಕಾಲನ್ನು 15ರಿಂದ 25 ಡಿಗ್ರಿ ಒಳಕ್ಕೆ ತಿರುಗಿಸಿ ಪಟ್ಟಿ ಬಿಗಿಯಬೇಕು. ಸುಮ್ನೆ ಪಾದ ಹೊರಳಿಸಿದರೆ ಸಾಲದು, ತೊಡೆಯಿಂದಲೇ ಇಡೀ ಕಾಲು ತಿರುಗಬೇಕು. ತಿರುಗಿದೆಯಾ ಅಂತ ತಿಳಿಯಲು ತೊಡೆಮೂಳೆಯ ಒಳಬದಿಯಲ್ಲಿ ಒಂದು ಸಣ್ಣ ಉಬ್ಬು ಇದೆ, ಲೆಸ್ಸರ್ ಟ್ರೊಕ್ಯಾಂಟರ್. ಅದು ಚಿತ್ರದಲ್ಲಿ ಇಣುಕಿದಷ್ಟೇ ಕಾಣಬೇಕು. ದಪ್ಪಗೆ ಕಂಡರೆ ಕಾಲು ಸಾಕಷ್ಟು ತಿರುಗಿಲ್ಲ. ಆಗ ಮೂಳೆಯ ಕತ್ತು ಗಿಡ್ಡವಾಗಿ ಕಾಣುತ್ತದೆ, ಸಾಂದ್ರತೆ ಇರುವುದಕ್ಕಿಂತ ಜಾಸ್ತಿ ಬರುತ್ತದೆ.

ಯಾಕೆ ಅಂದರೆ, ಮೂಳೆ ಎಷ್ಟು ದಪ್ಪ ಅನ್ನುವುದು ಮೆಷಿನ್‌ಗೆ ಗೊತ್ತಾಗುವುದಿಲ್ಲ. ಅದಕ್ಕೆ ಸಿಗುವುದು ನೆರಳು ಮಾತ್ರ. ಖನಿಜಾಂಶ ಎಷ್ಟು ಗ್ರಾಂ ಅಂತ ಲೆಕ್ಕ ಹಾಕಿ, ನೆರಳಿನ ಚದರ ಸೆಂಟಿಮೀಟರ್‌ನಿಂದ ಭಾಗಿಸುತ್ತದೆ, ಅಷ್ಟೇ.

ಬೆನ್ನುಮೂಳೆಯಲ್ಲಿ ಇದರ ಆಟ ಇನ್ನೂ ವಿಚಿತ್ರ. ಕುಸಿದು ಮುರಿದ ಕಶೇರು (ಬೆನ್ನುಮೂಳೆಯ ಒಂದು ತುಂಡು) ಪಕ್ಕದ್ದಕ್ಕಿಂತ ಗಟ್ಟಿ ಅಂತ ತೋರಿಸಬಹುದು! ಖನಿಜ ಅಷ್ಟೇ ಇದೆ, ಜಾಗ ಕಿರಿದಾಗಿದೆ ಅಲ್ವಾ? ವಯಸ್ಸಾದವರಲ್ಲಿ ಅಂಚಿನಲ್ಲಿ ಬೆಳೆದ ಮೂಳೆ ಮುಳ್ಳು, ಕ್ಯಾಲ್ಸಿಯಂ ಕಟ್ಟಿದ ಮಹಾಅಪಧಮನಿ ಕೂಡ ಅಂಕಿಯನ್ನು ಏರಿಸುತ್ತವೆ. ಹೊಟ್ಟೆಯಲ್ಲಿ ಕರಗದೆ ಉಳಿದ ಕ್ಯಾಲ್ಸಿಯಂ ಮಾತ್ರೆ, ಬಟ್ಟೆಯ ಹುಕ್ ಕೂಡ ಲೆಕ್ಕ ಕೆಡಿಸಬಹುದು. ಟಿ-ಸ್ಕೋರ್ ಅಂದರೆ ಆರೋಗ್ಯವಂತ ಯುವಜನರ ಸರಾಸರಿ ಸಾಂದ್ರತೆಯಿಂದ ನಿಮ್ಮದು ಎಷ್ಟು ಮೇಲೆ ಅಥವಾ ಕೆಳಗೆ ಇದೆ ಅನ್ನುವ ಅಂಕಿ. ಕೆಳಬೆನ್ನಿನ ಎಲ್1ರಿಂದ ಎಲ್4ರವರೆಗಿನ ಒಂದು ಕಶೇರು ಪಕ್ಕದ್ದಕ್ಕಿಂತ ಟಿ-ಸ್ಕೋರ್‌ನಲ್ಲಿ 1ಕ್ಕಿಂತ ಜಾಸ್ತಿ ದೂರ ಇದ್ದರೆ ಅನುಮಾನಿಸಬೇಕು, ಕೆಟ್ಟದ್ದನ್ನು ಲೆಕ್ಕದಿಂದ ಬಿಡಬೇಕು. ಕೊನೆಗೆ ಒಂದೇ ಉಳಿದರೆ ಬೆನ್ನಿನ ಮೇಲೆ ತೀರ್ಮಾನ ಬೇಡ. ಸೊಂಟ ಇದೆ, ಮುಂಗೈ ಇದೆ.

ಟಿ-ಸ್ಕೋರ್ -2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ (ಮೂಳೆ ಟೊಳ್ಳಾಗುವ ಕಾಯಿಲೆ) ಅನ್ನುವ ಗೆರೆ 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ್ದು. ಹಾಗಂತ -2.4 ಬಂದವರು ಪಾರಾದರು ಅಂತಲ್ಲ.

ಇನ್ನು ಹೋಲಿಕೆ. ಪ್ರತಿ ಸೆಂಟರ್ ತನ್ನದೇ ತಪ್ಪಿನ ಅಳತೆ ಇಟ್ಟುಕೊಂಡಿರಬೇಕು. 30 ಜನರನ್ನು ಎರಡೆರಡು ಸಲ ಸ್ಕ್ಯಾನ್ ಮಾಡಿ, ನಡುವೆ ಟೇಬಲ್‌ನಿಂದ ಇಳಿಸಿ ಮತ್ತೆ ಮಲಗಿಸಿ ಇದನ್ನು ತೆಗೆಯುತ್ತಾರೆ. ಆ ಇಳಿಸುವುದೇ ಮುಖ್ಯ, ಮಲಗಿಸುವ ಕೈಯ ಹೆಚ್ಚುಕಮ್ಮಿ ಸಿಕ್ಕಿಬೀಳುವುದು ಅಲ್ಲೇ. ಬಂದ ತಪ್ಪನ್ನು 2.77ರಿಂದ ಗುಣಿಸಿದರೆ ಸಿಗುವ ಅಂಕಿಗಿಂತ ಕಡಿಮೆ ವ್ಯತ್ಯಾಸ ಇದ್ದರೆ, ಜಾಸ್ತಿಯೂ ಆಗಿಲ್ಲ, ಕಮ್ಮಿಯೂ ಆಗಿಲ್ಲ ಅಂತಲೇ ಓದಬೇಕು. ಬೇರೆ ಕಂಪನಿಯ ಮೆಷಿನ್‌ನ ಹಳೇ ರಿಪೋರ್ಟ್ ತಂದರೆ ನೇರ ಹೋಲಿಕೆ ಆಗುವುದೇ ಇಲ್ಲ.

ಇದೇ ಮೆಷಿನ್‌ನಲ್ಲಿ ಮೈಯ ಕೊಬ್ಬು, ಮಾಂಸಖಂಡ ಅಳೆಸಲು ಬರುವವರಿಗೂ ಒಂದು ಮಾತು. ರಿಪೋರ್ಟ್‌ನಲ್ಲಿ 'ಲೀನ್' ಅಂತ ಬರುವುದರಲ್ಲಿ ಬರೀ ಮಾಂಸಖಂಡ ಇರುವುದಿಲ್ಲ, ನೀರು, ಒಳಗಿನ ಅಂಗಗಳು ಎಲ್ಲ ಸೇರಿರುತ್ತವೆ. ಬೆವರು ಹರಿಸಿ ನೇರ ಟೇಬಲ್ ಹತ್ತಿದರೆ ಅದೇ ಕಮ್ಮಿ ಕಾಣುತ್ತದೆ. ಅದಕ್ಕೇ ನಾನು ಯಾವ ಹೊತ್ತಿನಲ್ಲಿ, ಊಟ ಮಾಡಿಯೋ ಮಾಡದೆಯೋ ಬಂದರು ಅಂತ ರಿಪೋರ್ಟ್ ಜೊತೆ ಬರೆದಿಡುತ್ತೇನೆ. ಮುಂದಿನ ಸಲವೂ ಹಾಗೇ ಬನ್ನಿ ಅಂತ ಹೇಳಿ ಕಳಿಸುತ್ತೇನೆ.