ಇಲ್ಲದ ಮಿನಾರಿಗೆ ಒಂದು ಫಲಕ

ಮೂರು ಫಲಕ ಬರೆಯಲು ನನಗೆ ಹದಿನೈದು ರಾತ್ರಿ ಹಿಡಿದಿತ್ತು. ನವೆಂಬರ್ 19, ವಿಶ್ವ ಪರಂಪರೆ ಸಪ್ತಾಹದ ಮೊದಲ ದಿನ. ಬೀದರಿನ ಮಹಮೂದ್ ಗವಾನ್ ಮದರಸಾದೊಳಗೆ ನಮ್ಮ ಶಾಲೆಯ ಮಕ್ಕಳ ಪುಟ್ಟ ಪ್ರದರ್ಶನ. ಇತಿಹಾಸದ ಮಾಸ್ತರನೆಂಬ ಕಾರಣಕ್ಕೆ ಬರವಣಿಗೆ ನನ್ನ ಪಾಲಿಗೆ ಬಂತು. ಬಂದದ್ದೇ ತಡ, ತಿಳಿದದ್ದನ್ನೆಲ್ಲ ಸುರಿದುಬಿಟ್ಟೆ. ಕ್ಯಾಸ್ಪಿಯನ್ ಸಮುದ್ರದ ದಂಡೆಯ ಗೀಲಾನಿನಿಂದ ಬಂದ ಗವಾನ್ ಬಹಮನಿ ರಾಜ್ಯದ ಪ್ರಧಾನಿಯಾದದ್ದು, 1472ರಲ್ಲಿ ಈ ಕಟ್ಟಡ ಎದ್ದದ್ದು, ಸುಳ್ಳು ಪತ್ರವೊಂದನ್ನು ನಂಬಿ ಸುಲ್ತಾನ 1481ರಲ್ಲಿ ಅವನ ತಲೆ ತೆಗೆಸಿದ್ದು. ಒಂದೊಂದು ಫಲಕವೂ ಹತ್ತು ಅಂಕದ ಪ್ರಶ್ನೆಯ ಉತ್ತರದಂತಿತ್ತು.

ಗೋಡೆಗೆ ಮೊಳೆಯೂ ಇಲ್ಲ, ಅಂಟೂ ಇಲ್ಲ ಎಂಬ ಷರತ್ತಿನ ಮೇಲೆ ಅನುಮತಿ ಸಿಕ್ಕಿದ್ದರಿಂದ ಫಲಕಗಳನ್ನು ಮರದ ಮುಕ್ಕಾಲಿಗಳ ಮೇಲೆ ನಿಲ್ಲಿಸಿದೆವು. ಒಳಗೆ ಮಬ್ಬು. ಬಾಗಿಲಿನಿಂದ ಬಂದ ಅಷ್ಟಿಷ್ಟು ಬೆಳಕು ಲ್ಯಾಮಿನೇಷನ್ ಮೇಲೆ ಬಿದ್ದು ಅಕ್ಷರಗಳ ಬದಲು ಓದುವವರ ಮುಖವೇ ಕಾಣುತ್ತಿತ್ತು. ಝರಣಿ ನರಸಿಂಹನ ದರ್ಶನ ಮುಗಿಸಿ ಬಂದವರು, ನಾನಕ್ ಝೀರಾದ ಗುರುದ್ವಾರಕ್ಕೆ ಬಂದವರು, ಉದಗೀರಿನ ಒಂದು ದೊಡ್ಡ ಸಂಸಾರ, ಎಲ್ಲರೂ ಫಲಕದತ್ತ ಒಮ್ಮೆ ನೋಡಿ, ಮರ್ಯಾದೆಗೆ ತಲೆಯಾಡಿಸಿ ಮುಂದೆ ಹೋದರು. ಪೂರ್ತಿ ಓದಿದವರು ಒಬ್ಬರೇ, ನಿವೃತ್ತ ಕನ್ನಡ ಪಂಡಿತರು. ಎರಡನೆಯ ಫಲಕದಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿದೆ ಎಂದು ತೋರಿಸಿ ಹೋದರು.

ಆದರೆ ಹೊರಗೆ ನಿಂತು ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದೇ: "ಇನ್ನೊಂದು ಮಿನಾರ ಎಲ್ಲಿ?"

ಎದುರು ನಿಂತರೆ ಬಲಗಡೆ ಮಿನಾರವಿದೆ, ಅಂಕುಡೊಂಕಿನ ಹೆಂಚಿನ ಕೆಲಸ ಇನ್ನೂ ಅಲ್ಲಲ್ಲಿ ಹೊಳೆಯುತ್ತದೆ. ಎಡಗಡೆ ಆಕಾಶ. ಮಕ್ಕಳು ಚಾಚಾ ಎಂದು ಕರೆಯುವ ಕಾವಲುಗಾರರು ಜನರನ್ನು ಮುರಿದ ಗೋಡೆಯ ಹತ್ತಿರ ಕರೆದೊಯ್ದು, ಅದರ ದಪ್ಪ ತೋರಿಸಿ, "ಇಲ್ಲಿ ಮದ್ದು ತುಂಬಿಟ್ಟಿದ್ದರು. ಸಿಡಿಯಿತು" ಎನ್ನುತ್ತಿದ್ದರು. ಕನ್ನಡದವರಿಗೆ ಕನ್ನಡದಲ್ಲಿ, ಮರಾಠಿಯವರಿಗೆ ಮರಾಠಿಯಲ್ಲಿ. ಔರಂಗಜೇಬನ ಕಾಲದ 1696ರ ಆ ಸ್ಫೋಟವನ್ನು ನಾನೂ ಬರೆದಿದ್ದೆ, ಮೂರನೆಯ ಫಲಕದ ಹನ್ನೊಂದನೆಯ ಸಾಲಿನಲ್ಲಿ. ಹಿಂದೊಮ್ಮೆ ಪ್ರವಾಸಕ್ಕೆ ಹೋದಾಗ 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭದ ಬುಡದಲ್ಲಿ ನಾನು ಕಾಲು ಗಂಟೆ ಪಾಠ ಮಾಡಿದ್ದೆ. ಮುಗಿದ ಮೇಲೆ ಒಬ್ಬ ಹುಡುಗ, "ಸರ್, ದೀಪ ಎಲ್ಲಿದೆ?" ಎಂದು ಕೇಳಿದ್ದ. ಆಗಲೇ ಬುದ್ಧಿ ಬರಬೇಕಿತ್ತು.

ಆ ಸಂಜೆ ಎರಡು ಫಲಕಗಳನ್ನು ಶಾಲೆಗೆ ವಾಪಸು ಹೊರಿಸಿದೆ. ಉಪಾಯ ಹೇಳಿದ್ದು ಹತ್ತನೆಯ ತರಗತಿಯ ಹುಡುಗ. ಮುಂಭಾಗದ ಕಟ್ಟೆಯನ್ನು ಹೆಜ್ಜೆಯಿಂದ ಅಳೆದು ನಟ್ಟನಡುವೆ ಎಲ್ಲೆಂದು ಗುರುತಿಸಿದ. ಅದಕ್ಕೆ ನೇರವಾಗಿ ಹಿಂದೆ ಸರಿದು ನಿಂತು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದ. ಬಲಭಾಗವನ್ನು ತಿರುವಿ, ಜೆರಾಕ್ಸ್ ಅಂಗಡಿಯಲ್ಲಿ ಪಾರದರ್ಶಕ ಹಾಳೆಯ ಮೇಲೆ ಮುದ್ರಿಸಿದೆವು. ನಿಂತಿರುವ ಅರ್ಧವೇ ಕನ್ನಡಿಯಲ್ಲಿ ಕಂಡಂತೆ ಬಿದ್ದುಹೋದ ಅರ್ಧವಾಯಿತು. ಹಾಳೆಯನ್ನು ಚೌಕಟ್ಟಿಗೆ ಬಿಗಿದು ಅದೇ ಜಾಗದಲ್ಲಿ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ನೋಡಿದರೆ ಎಡಗಡೆಯ ಆಕಾಶದಲ್ಲಿ ಮಿನಾರ ಎದ್ದು ನಿಲ್ಲಬೇಕು. ಎಷ್ಟು ದೂರದಿಂದ ನೋಡಿದರೆ ಬುಡ ಕಟ್ಟೆಯ ಮೇಲೆ ಸರಿಯಾಗಿ ಕೂರುತ್ತದೆ ಎಂಬುದಕ್ಕೇ ಮರುದಿನ ಬೆಳಿಗ್ಗೆ ಅರ್ಧ ಗಂಟೆ ಹೋಯಿತು. ಒಂದು ಗೇಣು ಹಿಂದೆ ಮುಂದೆ ಆದರೆ ಮಿನಾರ ಗಾಳಿಯಲ್ಲಿ ತೇಲುತ್ತಿತ್ತು. ಕೊನೆಗೆ ನಿಲ್ಲುವ ಜಾಗಕ್ಕೆ ಎರಡು ಇಟ್ಟಿಗೆ ಇಟ್ಟೆವು. ದೊಡ್ಡವರಿಗೊಂದು, ಮಕ್ಕಳ ಕಣ್ಣಿನ ಎತ್ತರಕ್ಕೊಂದು, ಹೀಗೆ ಎರಡು ಚೌಕಟ್ಟು.

ಎಲ್ಲ ಮುಗಿಯಿತು ಎನ್ನುವಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಹಾಳೆಗೆ ಮೂಗು ತಾಗಿಸಿ ನೋಡಿ, "ಸರ್, ಅಕ್ಷರ ಉಲ್ಟಾ ಆಗಿದೆ" ಎಂದಳು. ಅರಬ್ಬಿ ಓದಲು ಬರುತ್ತದೆ ಅವಳಿಗೆ. ಮುಂಭಾಗದ ಮೇಲಿನ ಪಟ್ಟಿಯಲ್ಲಿರುವ ಕುರಾನಿನ ಬರಹವೂ ಚಿತ್ರದ ಜೊತೆಗೆ ತಿರುಗಿಬಿಟ್ಟಿತ್ತು. ನನ್ನ ಕಣ್ಣಿಗೆ ಅದು ಬರೀ ಅಲಂಕಾರವಾಗಿ ಕಂಡಿತ್ತು, ನಾಚಿಕೆಯಾಯಿತು. ಹಾಗಾದರೆ ಬಿದ್ದ ಭಾಗದಲ್ಲಿ ಏನು ಬರೆದಿತ್ತು? ಬಲಗಡೆ ಇದ್ದದ್ದೇ ಎಡಗಡೆ ಇರಲಾರದು. ಹತ್ತಿಗೆ ಸ್ಪಿರಿಟ್ ಹಚ್ಚಿ ಅವಳೇ ಆ ಪಟ್ಟಿಯನ್ನು ಒರೆಸಿ ಖಾಲಿ ಮಾಡಿದಳು. ಕೆಳಗೆ ದಪ್ಪ ಅಕ್ಷರದಲ್ಲಿ ಎರಡೇ ಸಾಲು ಬರೆಸಿದೆ: "1696ರಲ್ಲಿ ಮದ್ದು ಸಿಡಿದು ಬಿದ್ದ ಭಾಗ ಇದು. ಇಲ್ಲಿದ್ದ ಬರಹ ನಮಗೆ ಗೊತ್ತಿಲ್ಲ, ಆದ್ದರಿಂದ ಖಾಲಿ ಬಿಟ್ಟಿದ್ದೇವೆ."

ಕಟ್ಟಡ ಪೂರ್ವಕ್ಕೆ ಮುಖ ಮಾಡಿದೆ. ಬೆಳಗಿನ ಬಿಸಿಲು ನಮ್ಮ ಬೆನ್ನ ಹಿಂದಿನಿಂದ ಬಂದು ಗೋಡೆಗೆ ಬೀಳುತ್ತಿದ್ದಷ್ಟು ಹೊತ್ತು ಎಲ್ಲ ಚೆನ್ನಾಗಿತ್ತು, ಸಾಲು ನಿಂತಿತು. ಚಾಚಾ ತಮ್ಮ ಮಾತನ್ನು ಬಿಟ್ಟುಕೊಡಲಿಲ್ಲ. ಮೊದಲು ಹಾಳೆ ತೋರಿಸಿ ಆಮೇಲೆ ಮುರಿದ ಗೋಡೆಗೆ ಕರೆದೊಯ್ಯತೊಡಗಿದರು. ಮಧ್ಯಾಹ್ನದ ನಂತರ ಸೂರ್ಯ ಕಟ್ಟಡದ ಹಿಂದಕ್ಕೆ ಹೋಗಿ ನೋಡುವವರ ಕಣ್ಣಿಗೇ ಹೊಡೆಯಿತು, ಹಾಳೆಯಲ್ಲಿ ಏನೂ ಕಾಣದು. ನಾಲ್ಕು ಗಂಟೆಯ ಹೊತ್ತಿಗೆ ಗಾಳಿಯೂ ಎದ್ದಿತು. ಮೇಲಿನ ಕ್ಲಿಪ್ ಕಳಚಿ ಹಾಳೆ ಮುಂದಕ್ಕೆ ಬಾಗಿತು. ಇಟ್ಟಿಗೆಯ ಮೇಲೆ ನಿಂತಿದ್ದ ಪೋರನೊಬ್ಬ ಒಂದು ಕಣ್ಣು ಮುಚ್ಚಿಕೊಂಡೇ ಕೂಗಿದ:

"ಸರ್, ಮತ್ತೆ ಬಿತ್ತು!"