ಟರ್ಬೈನು ಆಮೇಲೆ, ಮೊದಲು ಬಕೆಟ್ಟು

ಮಲೆನಾಡಿನ ಒಂಟಿಮನೆಗೆ ಕಿರು ಟರ್ಬೈನು ಕೂರಿಸುತ್ತೇವೆಂದು ಹೊರಡುವ ಎಂಜಿನಿಯರಿಂಗ್ ಹುಡುಗ-ಹುಡುಗಿಯರ ಬ್ಯಾಗಿನಲ್ಲಿ ತ್ರೀಡಿ ಪ್ರಿಂಟ್ ಮಾಡಿದ ಚಕ್ರ ಇರುತ್ತದೆ, ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಇರುತ್ತದೆ, ಫೋನಿನಲ್ಲಿ ಆ್ಯಪ್ ಕೂಡ ಸಿದ್ಧವಿರುತ್ತದೆ. 20 ಲೀಟರಿನ ಬಕೆಟ್ಟೊಂದು ಮಾತ್ರ ಇರುವುದಿಲ್ಲ. ಈ ಕೆಲಸ ಕೆಡುವುದು ಹೆಚ್ಚಾಗಿ ಅಲ್ಲೇ.

ಬೇಡಿಕೆ ಏಕೆ ಅಂತ ಬಿಡಿಸಿ ಹೇಳಬೇಕಿಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯ ನೀರಿನಿಂದ 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ಕೇಂದ್ರ ನಡೆಯುತ್ತದೆ. ಅದೇ ಹಿನ್ನೀರಿನ ಅಂಚಿನಲ್ಲಿ ಮರ ಬಿದ್ದು ತಂತಿ ಹರಿದರೆ ಮನೆಗೆ ದಿನಗಟ್ಟಲೆ ಕತ್ತಲೆ. ಮನೆಯ ಹಿಂದೆ ಗುಡ್ಡ, ಗುಡ್ಡದಲ್ಲಿ ಅಬ್ಬಿ ಇದ್ದರೆ ಕರೆಂಟು ಅಲ್ಲೇ ಹುಟ್ಟಬಹುದು.

ಲೆಕ್ಕ ಸುಲಭ. ಸೆಕೆಂಡಿಗೆ ಬರುವ ಲೀಟರನ್ನು ಮೀಟರಿನ ಎತ್ತರದಿಂದ ಗುಣಿಸಿ, ಮತ್ತೆ 5ರಿಂದ ಗುಣಿಸಿದರೆ ಹೆಚ್ಚುಕಮ್ಮಿ ಕೈಗೆ ಸಿಗುವ ವಾಟ್ ಬರುತ್ತದೆ. 40 ಮೀಟರ್ ಎತ್ತರದಿಂದ 5 ಲೀಟರ್ ಬಂದರೆ 1,000 ವಾಟ್. ಎತ್ತರಕ್ಕೆ ಗಾರೆಯವರ ಮಟ್ಟದ ಪೈಪು ಸಾಕು. ಅಬ್ಬಿಯಿಂದ ಪೈಪು ಈಗಾಗಲೇ ಇಳಿದಿದ್ದರೆ ಕೆಳತುದಿಗೆ ಗೇಜು ಕಟ್ಟಿ, ನಲ್ಲಿಗಳನ್ನೆಲ್ಲ ಮುಚ್ಚಿ ಓದಿ: 1 ಕೆಜಿ ಒತ್ತಡ ಎಂದರೆ 10 ಮೀಟರ್. ಫೋನಿನ ಜಿಪಿಎಸ್ ತೋರಿಸುವ ಎತ್ತರವನ್ನು ನಂಬಬೇಡಿ, ಕಾಡಿನಡಿಯಲ್ಲಿ ಅದು ಹತ್ತಾರು ಮೀಟರ್ ತಪ್ಪುತ್ತದೆ.

ನೀರನ್ನು ಅಳೆಯುವುದಕ್ಕೆ ಹಳ್ಳಕ್ಕೆ ಸಣ್ಣ ಕಟ್ಟ ಹಾಕಿ, ಇಡೀ ನೀರನ್ನು ಅಡಿಕೆ ದಬ್ಬೆಯ ಮೇಲೆ ಹರಿಸಿ ಪಾತ್ರೆಗೆ ಬೀಳಿಸಬೇಕು. 5 ಲೀಟರಿನ ಹರಿವಿಗೆ ಬಕೆಟ್ಟು 4 ಸೆಕೆಂಡಿಗೆ ತುಂಬುತ್ತದೆ. ಅಲ್ಲಿ ಒಂದು ಸೆಕೆಂಡ್ ತಪ್ಪಿದರೆ ಲೆಕ್ಕ ಕಾಲು ಭಾಗ ಅತ್ತಿತ್ತ ಆಗುತ್ತದೆ. ಹರಿವು ಜೋರಿದ್ದಾಗ 200 ಲೀಟರಿನ ಡ್ರಮ್ಮೇ ಒಳ್ಳೆಯದು. ಇನ್ನು ಅಳತೆಯ ದಿನ: ದೀಪಾವಳಿ ರಜೆಯಲ್ಲಿ ಬಂದು ಅಳೆದ ಅಂಕಿ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ಶಿವರಾತ್ರಿ ಹೊತ್ತಿಗೆ ಅದೇ ಹಳ್ಳದಲ್ಲಿ ಸೆಕೆಂಡಿಗೆ ಒಂದು ಲೀಟರ್ ಉಳಿದರೆ ಪುಣ್ಯ. ಎರಡೂ ಸಲ ಅಳೆಯಲೇಬೇಕು. ಬೇಸಿಗೆಯಲ್ಲಿ ಹಳ್ಳಕ್ಕೂ ಒಂದಿಷ್ಟು ನೀರು ಬಿಡಬೇಕು ಎಂಬುದನ್ನು ಲೆಕ್ಕದಲ್ಲೇ ಸೇರಿಸಿ. ಮೂಲ ಇರುವುದು ಅರಣ್ಯದ ಜಾಗದಲ್ಲಾದರೆ ಗುದ್ದಲಿ ಎತ್ತುವ ಮೊದಲು ಇಲಾಖೆಯನ್ನು ಕೇಳಿ.

ದೀಪಾವಳಿ, ಶಿವರಾತ್ರಿಯ ಆ ಎರಡು ಅಂಕಿಗಳಿಂದಲೇ ನಾಝಲ್, ಅಂದರೆ ನೀರನ್ನು ಧಾರೆಯಾಗಿ ಚಕ್ರಕ್ಕೆ ಚಿಮ್ಮಿಸುವ ಮೂತಿ, ಹುಟ್ಟುತ್ತದೆ. 40 ಮೀಟರಿಗೆ 15 ಮಿ.ಮೀ ತೂತು ಸುಮಾರು 5 ಲೀಟರ್ ಬಿಡುತ್ತದೆ, 10 ಮಿ.ಮೀ ಎರಡು ಲೀಟರ್, 7 ಮಿ.ಮೀ ಒಂದು ಲೀಟರ್. ಬೇಸಿಗೆಯಲ್ಲೂ 15ರದ್ದನ್ನೇ ಬಿಟ್ಟರೆ ಬರುವ ನೀರಿಗಿಂತ ಹೋಗುವ ನೀರು ಹೆಚ್ಚಾಗಿ ಪೈಪು ಬರಿದಾಗುತ್ತದೆ, ಒತ್ತಡ ಬಿದ್ದುಹೋಗುತ್ತದೆ, ಚಕ್ರ ನಿಲ್ಲುತ್ತದೆ. 7ರದ್ದು ಹಾಕಿದರೆ ಪೈಪು ತುಂಬಿಯೇ ಇದ್ದು 200 ವಾಟ್ ನಿರಾತಂಕವಾಗಿ ಬರುತ್ತದೆ: ಎಲ್‌ಇಡಿ ದೀಪ, ಫ್ಯಾನು, ಫೋನ್ ಚಾರ್ಜಿಗೆ ಅಷ್ಟು ಸಾಕು. ಮನೆಯವರಿಗೆ ಮೂರೂ ನಾಝಲ್ ಕೊಟ್ಟು, ಬದಲಿಸುವುದನ್ನು ಅವರ ಕೈಯಿಂದಲೇ ಒಮ್ಮೆ ಮಾಡಿಸಿ.

ಪೈಪಿನಲ್ಲಿ ಉಳಿತಾಯ ಮಾಡಲು ಹೋಗುವುದು ದುಬಾರಿ. 200 ಮೀಟರ್ ದೂರಕ್ಕೆ 5 ಲೀಟರ್ ತರುವಾಗ 90 ಮಿ.ಮೀ ಪಿವಿಸಿಯಲ್ಲಿ ತಿಕ್ಕಾಟಕ್ಕೆ ಹೋಗುವುದು ಎರಡು ಮೀಟರ್ ಎತ್ತರ, 63ರಲ್ಲಿ ಹನ್ನೊಂದಕ್ಕೂ ಹೆಚ್ಚು. 40 ಮೀಟರ್ ಎತ್ತರದಲ್ಲಿ ಕಾಲು ಭಾಗ ದಾರಿಯಲ್ಲೇ ಖರ್ಚು! ಮೇಲಿನ ಅರ್ಧಕ್ಕೆ 4 ಕೆಜಿ ಒತ್ತಡ ತಾಳುವ ಪೈಪು ನಡೆಯುತ್ತದೆ, ಕೆಳಗಿನ ಅರ್ಧಕ್ಕೆ 6 ಕೆಜಿಯದ್ದೇ ಬೇಕು. ವಾಲ್ವನ್ನು ಪಟ್ಟನೆ ಮುಚ್ಚಿದರೆ ಓಡುತ್ತಿದ್ದ ನೀರು ಗುದ್ದಿ, ಇರುವ ಒತ್ತಡದ ಮೇಲೆ ಇನ್ನೂ ಸುಮಾರು 30 ಮೀಟರಿನಷ್ಟು ಏರುತ್ತದೆ. ಆಗ 6 ಕೆಜಿ ಪೈಪಿನ ಜಾಯಿಂಟೂ ಬಿಡಬಹುದು. ಹಾಗಾಗಿ ಕಾಲು ತಿರುವಿಗೆ ಮುಚ್ಚುವ ಬಾಲ್ ವಾಲ್ವ್ ಬೇಡ, ಸುತ್ತಿ ಸುತ್ತಿ ಮುಚ್ಚುವ ಗೇಟ್ ವಾಲ್ವ್ ಹಾಕಿ.

ಈಗ ದರಗು. ಬೇಸಿಗೆಯಿಡೀ ಉದುರಿದ ಎಲೆ ಮೃಗಶಿರ ಮಳೆಯ ಮೊದಲ ಹೊಡೆತಕ್ಕೆ ಒಟ್ಟಿಗೆ ಇಳಿಯುತ್ತದೆ. ಮೇಲೆ ನೀರನ್ನು ಪೈಪಿಗೆ ಇಳಿಸುವ ತೊಟ್ಟಿಯ ಬಾಯಿಗೆ ಸೊಳ್ಳೆಪರದೆಯಂಥ ಜಾಲರಿ ಕಟ್ಟಿದ್ದರೆ ಅರ್ಧ ಗಂಟೆಯಲ್ಲಿ ಮುಚ್ಚಿಹೋಗುತ್ತದೆ. ತೀರಾ ದೊಡ್ಡ ತೂತಿನದ್ದಾದರೆ ಕಡ್ಡಿ ಹೋಗಿ ನಾಝಲ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ನಾಝಲ್‌ನ ಮೂರನೇ ಒಂದು ಭಾಗದಷ್ಟು, ಅಂದರೆ 15ಕ್ಕೆ 5 ಮಿ.ಮೀ ತೂತಿನ ಸ್ಟೀಲ್ ಹಾಳೆಯನ್ನು ಓರೆಯಾಗಿ ಕೂರಿಸಿ, ನೀರು ಅದರ ಮೇಲಿಂದ ಹರಿಯುವಂತೆ ಮಾಡಿದರೆ ಹೆಚ್ಚುವರಿ ನೀರೇ ಎಲೆಯನ್ನು ತಳ್ಳಿಕೊಂಡು ಹೋಗುತ್ತದೆ. 7ರ ನಾಝಲ್ ಹಾಕುವ ತಿಂಗಳಲ್ಲಿ ಆ ಹಾಳೆಯ ಮೇಲೆ 2 ಮಿ.ಮೀ ಜಾಲರಿ ಹೊದಿಸಿ, ಆಗ ಎಲೆಯ ಕಾಟ ಅಷ್ಟಿರುವುದಿಲ್ಲ. ತೊಟ್ಟಿಯೊಳಗೆ ಪೈಪಿನ ಬಾಯಿ ನೀರಿನ ಮಟ್ಟದಿಂದ ಒಂದು ಅಡಿಯಾದರೂ ಕೆಳಗಿರಲಿ, ಇಲ್ಲವಾದರೆ ಸುಳಿ ಎದ್ದು ಗಾಳಿ ಎಳೆದುಕೊಳ್ಳುತ್ತದೆ. ತೊಟ್ಟಿಯ ತಳಕ್ಕೆ ಮರಳು ಬಿಡಲು ಒಂದು ಬಿರಟೆ ಇರಲೇಬೇಕು.

ನಿಮ್ಮ ಇಎಸ್‌ಪಿ32 ಬೋರ್ಡಿಗೆ ನಿಜವಾದ ಕೆಲಸ ಇರುವುದು ಇಲ್ಲಿ. ಪೈಪಿನ ಕೆಳತುದಿಯಲ್ಲಿ ಒಂದು ಒತ್ತಡದ ಸೆನ್ಸರ್ ಇಡಿ. ಜಾಲರಿ ಕಟ್ಟಿಕೊಂಡರೆ ಒತ್ತಡ ಇಳಿಯುತ್ತದೆ, ನಾಝಲ್ ಕಟ್ಟಿಕೊಂಡರೆ ಒತ್ತಡ ಏರಿ ವಾಟ್ ಇಳಿಯುತ್ತದೆ. ಮಳೆಯಲ್ಲಿ ಗುಡ್ಡ ಹತ್ತಬೇಕೋ ಬೇಡವೋ ಎಂಬುದು ಅಡುಗೆಮನೆಯಲ್ಲೇ ತಿಳಿಯುತ್ತದೆ. ಕಣಿವೆಯಲ್ಲಿ ನೆಟ್‌ವರ್ಕ್ ಸಿಗದು, ಆ್ಯಪ್ ಬಿಟ್ಟು ಒಂದು ಬಜರ್ ಹಾಕಿ. ಬೋರ್ಡಿಗೆ ವಾರ್ನಿಷ್ ಬಳಿಯದಿದ್ದರೆ ಥಂಡಿಗೆ ಬೂಷ್ಟು ಹಿಡಿಯುತ್ತದೆ, ಇರುವೆ ಗೂಡು ಕಟ್ಟುತ್ತದೆ.

ಪ್ರಿಂಟ್ ಮಾಡಿದ ಚಕ್ರವನ್ನೂ ಎಸೆಯಬೇಡಿ. ಮಳೆಗಾಲದ ಮರಳುನೀರಿಗೆ ಆ ಪ್ಲಾಸ್ಟಿಕ್ ಸವೆಯುತ್ತದೆ ನಿಜ, ಆದರೆ ಎರಕದ ಅಚ್ಚಿಗೆ ಅದೇ ಮಾದರಿ. ಚಕ್ರದ ಅಂಚಿನಲ್ಲಿ ಧಾರೆ ಬಡಿಯುವ ಬಟ್ಟಲುಗಳಲ್ಲಿ ಒಂದನ್ನು ಎರಡು ಶೇಕಡಾ ದೊಡ್ಡದಾಗಿ ಪ್ರಿಂಟ್ ಮಾಡಿ ಫೌಂಡ್ರಿಗೆ ಕೊಟ್ಟರೆ ಕಂಚು ಆರಿ ಕುಗ್ಗಿದ ಮೇಲೆ ಸರಿಯಳತೆಗೆ ಬರುತ್ತದೆ. ಶಿವಮೊಗ್ಗದಲ್ಲಿ ಎರಕದವರಿಗೆ ಬರವಿಲ್ಲ. 40 ಮೀಟರಿನಲ್ಲಿ ನಿಮಿಷಕ್ಕೆ 1,500 ಸುತ್ತು ಬೇಕಾದರೆ ಬಟ್ಟಲುಗಳ ನಡುವೃತ್ತದ ವ್ಯಾಸ 16 ಸೆಂ.ಮೀ ಆಸುಪಾಸು ಇರಬೇಕು.

ರಾತ್ರಿ ಎಲ್ಲರೂ ದೀಪ ಆರಿಸಿ ಮಲಗಿದರೆ ಚಕ್ರದ ಮೇಲಿನ ಹೊರೆ ಇಳಿದು ಅದು ಹುಚ್ಚು ಓಟ ಓಡುತ್ತದೆ, ವೋಲ್ಟೇಜು ಏರುತ್ತದೆ, ಉಳಿದ ಬಲ್ಬು ಸುಡುತ್ತದೆ. ಇದಕ್ಕೇ ಲೋಡ್ ಕಂಟ್ರೋಲರು: ಮನೆ ಬಳಸದ ಕರೆಂಟನ್ನು ಹೀಟರಿಗೆ ತಿರುಗಿಸುತ್ತದೆ. 1 ಕಿಲೋವಾಟಿನ ಟರ್ಬೈನಿಗೆ 1.2 ಕಿಲೋವಾಟಿನ ಹೀಟರ್ ಇಡಿ. 100 ಲೀಟರ್ ನೀರನ್ನು 22ರಿಂದ 45 ಡಿಗ್ರಿಗೆ ಕಾಯಿಸಲು 2.7 ಯೂನಿಟ್ ಸಾಕು, ಅಂದರೆ ಮೂರು ಗಂಟೆಯೊಳಗೆ ಬಚ್ಚಲಿಗೆ ಬಿಸಿನೀರು, ಒಲೆಗೆ ಸೌದೆಯಿಲ್ಲ. ಆದರೆ ಕಾಯಿಲನ್ನು ತಾಮ್ರದ ಹಂಡೆಗೇ ಇಳಿಬಿಡಬೇಡಿ. ಜನ ಚೊಂಬು ಅದ್ದುವ ಪಾತ್ರೆ ಅದು. ಅರ್ತಿಂಗ್ ಮಾಡಿದ ಮುಚ್ಚಿದ ಟ್ಯಾಂಕೇ ಬೇಕು. ಅದರ ನಲ್ಲಿ ಕಾಯಿಲಿಗಿಂತ ಮೇಲಿರಲಿ, ಆಗ ಎಷ್ಟು ಬಳಸಿದರೂ ಕಾಯಿಲು ನೀರಿನಲ್ಲೇ ಇರುತ್ತದೆ. ಕಾಯಿಲು ಸುಟ್ಟರೂ ಓಟ ತಪ್ಪಬೇಕಲ್ಲ, ಅದಕ್ಕೆ ವೋಲ್ಟೇಜು ಮಿತಿ ಮೀರಿದೊಡನೆ ಮನೆಯ ಲೈನ್ ಕಡಿಯುವ ರಿಲೇ, ನೀರಿನ ಧಾರೆಯನ್ನು ಚಕ್ರದಿಂದ ಆಚೆ ತಿರುಗಿಸುವ ತಗಡು, ಎರಡೂ ಇರಲಿ.

ಟರ್ಬೈನಿನಿಂದ ಮನೆಗೆ 300 ಮೀಟರ್ ಇದ್ದರೆ 1.5 ಚದರ ಮಿ.ಮೀ ತಾಮ್ರದ ತಂತಿಯಲ್ಲಿ 30 ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಕಳೆಯುತ್ತದೆ, 4ರದ್ದರಲ್ಲಿ ಹನ್ನೆರಡು. ಮೆಸ್ಕಾಂ ಸಂಪರ್ಕವೂ ಇರುವ ಮನೆಯಲ್ಲಿ ಮಧ್ಯೆ ಒಮ್ಮೆಗೆ ಒಂದೇ ಕಡೆಯ ಕರೆಂಟು ಬಿಡುವ ಚೇಂಜ್‌ಓವರ್ ಸ್ವಿಚ್ ಹಾಕದೆ ಟರ್ಬೈನು ಚಾಲೂ ಮಾಡಬೇಡಿ: ನಮ್ಮ ಕರೆಂಟು ಹಿಂದಕ್ಕೆ ಹರಿದು ಟ್ರಾನ್ಸ್‌ಫಾರ್ಮರಿನಲ್ಲಿ 11,000 ವೋಲ್ಟಿನ ಕಡೆಗೆ ಏರುತ್ತದೆ, ಲೈನ್ ಆಫ್ ಇದೆಯೆಂದು ನಂಬಿದ ಲೈನ್‌ಮನ್ ಆಗ ಕಂಬದ ಮೇಲಿರುತ್ತಾರೆ.